ಹತ್ತು ಮಂದಿಯ ಲೆಕ್ಕ: ಸಣ್ಣ ಉದ್ದಿಮೆಗಳಲ್ಲಿ ಲೈಂಗಿಕ ಕಿರುಕುಳ ತಡೆ ಕಾನೂನಿನ ಪಾಲನೆ

ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿ, ಭವಿಷ್ಯ ನಿಧಿಯ ಚಲನ್, ಇ.ಎಸ್.ಐ. ವಂತಿಗೆ ಮುಂತಾದವುಗಳ ಕೊನೆಯ ದಿನಾಂಕಗಳು ನಮ್ಮ ವರ್ತಕರಿಗೂ ಉದ್ದಿಮೆದಾರರಿಗೂ ಕಂಠಪಾಠವಾಗಿರುತ್ತವೆ. ಒಂದು ದಿನ ತಪ್ಪಿದರೆ ಬಡ್ಡಿಯೆಷ್ಟು, ದಂಡವೆಷ್ಟು ಎಂಬುದನ್ನು ಗುಮಾಸ್ತರೂ ಹೇಳಬಲ್ಲರು. ಆದರೆ 2013ರ ‘ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ (ತಡೆಗಟ್ಟುವಿಕೆ, ನಿಷೇಧ ಮತ್ತು ಪರಿಹಾರ) ಅಧಿನಿಯಮ’ದ ಮಾತು ಬಂದಾಗ, ಅದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಸಂಬಂಧಿಸಿದ್ದು, ನಮ್ಮಂಥ ಸಣ್ಣವರಿಗಲ್ಲ ಎಂಬ ಉತ್ತರವೇ ಸಾಮಾನ್ಯವಾಗಿ ಕೇಳಿಬರುತ್ತದೆ. ಸ್ವಲ್ಪ ತಿಳಿದವರು, ಹತ್ತು ಜನರಿಗಿಂತ ಕಡಿಮೆ ಇದ್ದರೆ ಈ ಕಾನೂನಿನಿಂದ ವಿನಾಯಿತಿ ಇದೆ ಎನ್ನುತ್ತಾರೆ. ಈ ಎರಡು ಅಭಿಪ್ರಾಯಗಳೂ ತಪ್ಪು. ಎರಡನೆಯದು ಅರ್ಧ ಸತ್ಯವಾದ್ದರಿಂದ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ.

ಹೆಣ್ಣುಮಕ್ಕಳ ದುಡಿಮೆಯ ಮೇಲೆಯೇ ನಿಂತಿರುವ ಉದ್ದಿಮೆಗಳು ನಮ್ಮ ರಾಜ್ಯದಲ್ಲಿ ಕಡಿಮೆಯಿಲ್ಲ. ಸಿದ್ಧ ಉಡುಪಿನ ಘಟಕಗಳು, ಕರಾವಳಿಯ ಗೇರುಬೀಜದ ಕಾರ್ಖಾನೆಗಳು ಮತ್ತು ಬೀಡಿ ಉದ್ಯಮ, ಊದುಬತ್ತಿ ತಯಾರಿಕೆ, ಬ್ಯಾಡಗಿಯ ಮೆಣಸಿನಕಾಯಿ ವಹಿವಾಟಿನಲ್ಲಿ ತೊಟ್ಟು ಬಿಡಿಸುವ ಕೆಲಸ ಇವೆಲ್ಲವೂ ಆ ಸಾಲಿಗೆ ಸೇರುತ್ತವೆ. ಇಲ್ಲಿ ದುಡಿಯುವವರ ಪೈಕಿ ಬಹುಮಂದಿ ದಿನಗೂಲಿಯ ಅಥವಾ ಪೀಸ್ ರೇಟಿನ ಹೆಂಗಸರು. ಅವರಿಗೆ ನೇಮಕಾತಿ ಪತ್ರವೂ ಇರುವುದಿಲ್ಲ, ಸೇವಾ ನಿಯಮಗಳ ಪುಸ್ತಕವೂ ಇರುವುದಿಲ್ಲ. ಕಾನೂನು ಹೆಚ್ಚಾಗಿ ಬೇಕಾಗಿರುವುದು ಇಂಥ ಸ್ಥಳಗಳಲ್ಲಿ. ಅದು ಕಡಿಮೆ ತಲುಪಿರುವುದೂ ಇಲ್ಲಿಯೇ.

ಕಾನೂನಿನ ಮೂಲ

ಈ ಅಧಿನಿಯಮದ ಹುಟ್ಟನ್ನು ನೋಡಿದರೆ, ಇದು ಹವಾನಿಯಂತ್ರಿತ ಕಚೇರಿಗಳಿಗಾಗಿ ಬಂದದ್ದಲ್ಲವೆಂಬುದು ಸ್ಪಷ್ಟವಾಗುತ್ತದೆ. ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಎಂಬ ಗ್ರಾಮಮಟ್ಟದ ಕಾರ್ಯಕರ್ತೆಯಾಗಿದ್ದ ಭಂವರಿ ದೇವಿಯವರು ಒಂದು ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದರು. ಅದರ ಸೇಡಿಗಾಗಿ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸದ ಕಾರಣದಿಂದಲೇ ಒದಗಿದ ಈ ಹಿಂಸೆಯ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟವು. 1997ರ ಆಗಸ್ಟ್ 13ರಂದು ವಿಶಾಖಾ ಪ್ರಕರಣದಲ್ಲಿ ಹೊರಬಂದ ತೀರ್ಪು, ಸಂಸತ್ತು ಕಾನೂನು ಮಾಡುವವರೆಗೆ ಎಲ್ಲ ಕೆಲಸದ ಸ್ಥಳಗಳೂ ಪಾಲಿಸಬೇಕಾದ ಮಾರ್ಗಸೂಚಿಯನ್ನು ವಿಧಿಸಿತು. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯದ ನಿರ್ಮೂಲನೆಗಾಗಿ ವಿಶ್ವಸಂಸ್ಥೆ ರೂಪಿಸಿದ ಒಡಂಬಡಿಕೆಯನ್ನು ಭಾರತ 1993ರಲ್ಲಿ ಅನುಮೋದಿಸಿದ್ದುದೂ ಆ ತೀರ್ಪಿಗೆ ಆಧಾರವಾಯಿತು. ಸಂಸತ್ತು ಕಾನೂನು ಮಾಡಲು ಮತ್ತೆ 16 ವರ್ಷ ಹಿಡಿಯಿತು. ಅಧಿನಿಯಮವೂ ಅದರ ನಿಯಮಗಳೂ 2013ರ ಡಿಸೆಂಬರ್ 9ರಂದು ಜಾರಿಗೆ ಬಂದವು.

ಭಂವರಿ ದೇವಿಯವರ ಕೆಲಸದ ಸ್ಥಳಕ್ಕೆ ನಾಲ್ಕು ಗೋಡೆಗಳಿರಲಿಲ್ಲ. ಇಡೀ ಊರೇ ಅವರ ಕೆಲಸದ ಸ್ಥಳವಾಗಿತ್ತು. ಅಧಿನಿಯಮದ ವ್ಯಾಖ್ಯೆಯೂ ಅಷ್ಟೇ ವಿಶಾಲವಾಗಿದೆ. ಕಾರ್ಖಾನೆ, ಅಂಗಡಿ, ಗೋದಾಮುಗಳಷ್ಟೇ ಅಲ್ಲದೆ, ಕೆಲಸದ ನಿಮಿತ್ತ ನೌಕರರು ಹೋಗುವ ಯಾವುದೇ ಜಾಗ ಮತ್ತು ಮಾಲೀಕರು ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಹೆಣ್ಣಾಳುಗಳನ್ನು ಹಳ್ಳಿಗಳಿಂದ ಕರೆತರುವ ಟೆಂಪೊದಲ್ಲಿ ಚಾಲಕ ನಡೆದುಕೊಳ್ಳುವ ರೀತಿಗೂ ಮಾಲೀಕರು ಉತ್ತರ ಹೇಳಬೇಕಾಗುತ್ತದೆ.

ಎಣಿಕೆ ಹೇಗೆ?

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವೆಡೆ ಆಂತರಿಕ ಸಮಿತಿ ರಚಿಸಬೇಕು. ಈ ಹತ್ತನ್ನು ಎಣಿಸುವಲ್ಲಿಯೇ ಮೊದಲ ಎಡವಟ್ಟು ಸಂಭವಿಸುತ್ತದೆ. ಅನೇಕ ಉದ್ದಿಮೆದಾರರು ಇ.ಎಸ್.ಐ. ವಿವರಪಟ್ಟಿಯಲ್ಲಿರುವ ಹೆಸರುಗಳನ್ನೇ ಎಣಿಸುತ್ತಾರೆ. ಆ ಪಟ್ಟಿಯಲ್ಲಿ ವೇತನ ಮಿತಿ ದಾಟಿದ ಮ್ಯಾನೇಜರ್ ಇರುವುದಿಲ್ಲ, ಗುತ್ತಿಗೆದಾರನ ಆಳುಗಳು ಇರುವುದಿಲ್ಲ, ನಿನ್ನೆ ಮೊನ್ನೆ ಸೇರಿದವರು ಇರುವುದಿಲ್ಲ. ಇನ್ನು ಕೆಲವರು ಹೆಂಗಸರನ್ನು ಮಾತ್ರ ಎಣಿಸಿ, ನಮ್ಮಲ್ಲಿ ಇರುವುದು ನಾಲ್ವರೇ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಅಧಿನಿಯಮದ 2ನೇ ಕಲಂನ ಪ್ರಕಾರ ನೌಕರರೆಂದರೆ ಕಾಯಂ, ತಾತ್ಕಾಲಿಕ ಅಥವಾ ದಿನಗೂಲಿ ಆಧಾರದ ಮೇಲೆ ಇರುವವರೆಲ್ಲರೂ. ಗುತ್ತಿಗೆದಾರನ ಮೂಲಕ ಬಂದವರೂ ಸೇರುತ್ತಾರೆ. ಅವರು ಬಂದದ್ದು ಮೂಲ ಮಾಲೀಕರಿಗೆ ತಿಳಿದಿರಲಿ, ತಿಳಿಯದಿರಲಿ. ತರಬೇತಿಗೆ ಬಂದವರು, ಪರೀಕ್ಷಾವಧಿಯಲ್ಲಿರುವವರು, ಅಪ್ರೆಂಟಿಸ್‌ಗಳು, ಸಂಬಳವಿಲ್ಲದೆ ಸ್ವಯಂಪ್ರೇರಣೆಯಿಂದ ಕೆಲಸ ಮಾಡುವವರು ಕೂಡ ನೌಕರರೇ. ಗಂಡಸರೂ ಎಣಿಕೆಗೆ ಬರುತ್ತಾರೆ. ಮಸ್ಟರ್ ರೋಲಿನಲ್ಲಿ ಏಳು ಹೆಸರುಗಳಿದ್ದು, ಮೇಸ್ತ್ರಿಯ ಚೀಟಿಯಲ್ಲಿ ಇನ್ನೂ ಐವರಿದ್ದರೆ ಆ ಘಟಕದಲ್ಲಿರುವುದು 12 ಮಂದಿ. ಒಂದು ಕಾನೂನಿಗಾಗಿ ಮಾಡಿದ ಎಣಿಕೆಯನ್ನು ಇನ್ನೊಂದು ಕಾನೂನಿಗೆ ಹಚ್ಚುವುದು ಲೆಕ್ಕಪತ್ರದ ದೃಷ್ಟಿಯಿಂದಲೂ ಸರಿಯಲ್ಲ.

ಹತ್ತಕ್ಕಿಂತ ಕಡಿಮೆ ಇದ್ದರೆ

ಹತ್ತಕ್ಕಿಂತ ಕಡಿಮೆ ಮಂದಿ ಇರುವಲ್ಲಿ ಆಂತರಿಕ ಸಮಿತಿ ಬೇಕಿಲ್ಲ, ನಿಜ. ಆದರೆ ಅಲ್ಲಿ ದುಡಿಯುವ ಮಹಿಳೆಗೆ ದೂರು ಕೊಡುವ ಹಕ್ಕು ಇಲ್ಲವೆಂದು ಇದರ ಅರ್ಥವಲ್ಲ. ಆಕೆ ತಟ್ಟಬೇಕಾದ ಬಾಗಿಲು ಬೇರೆ, ಅಷ್ಟೇ. ಪ್ರತಿ ಜಿಲ್ಲೆಯಲ್ಲೂ ಈ ಅಧಿನಿಯಮಕ್ಕಾಗಿ ಒಬ್ಬ ಜಿಲ್ಲಾ ಅಧಿಕಾರಿ ಮತ್ತು ಒಂದು ಸ್ಥಳೀಯ ಸಮಿತಿ ಇರಬೇಕೆಂದು 5 ಮತ್ತು 6ನೇ ಕಲಂಗಳು ಹೇಳುತ್ತವೆ. ತಾಲ್ಲೂಕು ಮಟ್ಟದಲ್ಲಿ, ನಗರಗಳಲ್ಲಿ ವಾರ್ಡ್ ಅಥವಾ ಪುರಸಭೆಯ ಮಟ್ಟದಲ್ಲಿ ನೋಡಲ್ ಅಧಿಕಾರಿಯಿದ್ದು, ತಮಗೆ ಬಂದ ದೂರನ್ನು ಏಳು ದಿನಗಳೊಳಗೆ ಸ್ಥಳೀಯ ಸಮಿತಿಗೆ ಕಳುಹಿಸಬೇಕು.

ಘಟಕ ಎಷ್ಟೇ ದೊಡ್ಡದಿರಲಿ, ಮಾಲೀಕರ ವಿರುದ್ಧವೇ ದೂರಿದ್ದರೆ ಅದೂ ಸ್ಥಳೀಯ ಸಮಿತಿಗೇ ಹೋಗುತ್ತದೆ. ಕುಟುಂಬದ ವ್ಯವಹಾರಗಳಲ್ಲಿ ಇದು ಮುಖ್ಯವಾದ ಅಂಶ. ಕೆಲಸದ ಸ್ಥಳದ ಆಡಳಿತ, ಮೇಲ್ವಿಚಾರಣೆ ಮತ್ತು ನಿಯಂತ್ರಣದ ಹೊಣೆ ಹೊತ್ತವರೆಲ್ಲ ಅಧಿನಿಯಮದ ಅರ್ಥದಲ್ಲಿ ಮಾಲೀಕರೇ. ಪರವಾನಗಿ ತಂದೆಯ ಹೆಸರಿನಲ್ಲಿದ್ದು ಘಟಕವನ್ನು ಮಗ ನಡೆಸುತ್ತಿದ್ದರೆ, ಮಗನ ಮೇಲೆ ಬಂದ ದೂರನ್ನು ತಂದೆ ನೇಮಿಸಿದ ಸಮಿತಿ ವಿಚಾರಿಸುವುದು ಹೇಗೆ ಎಂಬ ಪ್ರಶ್ನೆಗೆ ಕಾನೂನು ಹೀಗೆ ಉತ್ತರ ಕೊಟ್ಟಿದೆ.

ಈ ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿದೆ. ಆಚರಣೆಯಲ್ಲಿ ಸರ್ಕಾರಗಳೂ ಹಿಂದೆ ಬಿದ್ದಿವೆಯೆಂಬುದನ್ನು ಹೇಳದಿದ್ದರೆ ಉದ್ದಿಮೆದಾರರಿಗೆ ಅನ್ಯಾಯ ಮಾಡಿದಂತಾಗುತ್ತದೆ. 2023ರ ಮೇ 12ರಂದು ಆರೆಲಿಯಾನೊ ಫರ್ನಾಂಡಿಸ್ ಪ್ರಕರಣದಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಅಧಿನಿಯಮದ ಜಾರಿಯಲ್ಲಿ ಗಂಭೀರ ಲೋಪಗಳಿವೆಯೆಂದು ಖೇದ ವ್ಯಕ್ತಪಡಿಸಿತು. ದೇಶದ 30 ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಪೈಕಿ 16ರಲ್ಲಿ ಸಮಿತಿಯೇ ರಚನೆಯಾಗಿಲ್ಲವೆಂಬ ಪತ್ರಿಕಾ ವರದಿಯನ್ನು ಆ ತೀರ್ಪು ಉಲ್ಲೇಖಿಸಿದೆ. ಅದೇ ಪ್ರಕರಣದಲ್ಲಿ 2024ರ ಡಿಸೆಂಬರ್ 3ರಂದು ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಕಾಲಮಿತಿಯನ್ನೇ ಹಾಕಿತು. ಜಿಲ್ಲಾ ಅಧಿಕಾರಿಗಳ ನೇಮಕ 2024ರ ಡಿಸೆಂಬರ್ 31ರೊಳಗೆ, ಸ್ಥಳೀಯ ಸಮಿತಿಗಳ ರಚನೆ 2025ರ ಜನವರಿ 31ರೊಳಗೆ ಆಗಬೇಕು. ಖಾಸಗಿ ಸಂಸ್ಥೆಗಳಲ್ಲಿ ಸಮಿತಿ ಇದೆಯೇ ಎಂಬುದರ ಸಮೀಕ್ಷೆ ನಡೆಯಬೇಕು ಎಂದು ಆದೇಶಿಸಿತು. ಸಣ್ಣ ಘಟಕಗಳ ಕಡೆಗೂ ಕಣ್ಣು ಹೊರಳುವ ಕಾಲ ಬಂದಿದೆಯೆಂದು ಇದರಿಂದ ತಿಳಿಯಬಹುದು.

ಸಮಿತಿಯ ರಚನೆ

ಆಂತರಿಕ ಸಮಿತಿಯಲ್ಲಿ ಕನಿಷ್ಠ ನಾಲ್ವರಿರಬೇಕು. ಹಿರಿಯ ಹುದ್ದೆಯಲ್ಲಿರುವ ಮಹಿಳೆ ಅಧ್ಯಕ್ಷೆ. ನೌಕರರ ಪೈಕಿ ಇಬ್ಬರಿಗೆ ಕಡಿಮೆಯಿಲ್ಲದಷ್ಟು ಸದಸ್ಯರು. ಜೊತೆಗೆ ಮಹಿಳೆಯರ ಹಿತಕ್ಕಾಗಿ ದುಡಿಯುವ ಸಂಸ್ಥೆಯಿಂದ ಬಂದ, ಅಥವಾ ಈ ವಿಷಯದ ಅರಿವುಳ್ಳ ಹೊರಗಿನ ಒಬ್ಬ ಸದಸ್ಯರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರೇ ಆಗಿರಬೇಕು. ಶಾಖೆಗಳು ಬೇರೆ ಬೇರೆ ಊರುಗಳಲ್ಲಿದ್ದರೆ ಪ್ರತಿ ಶಾಖೆಗೂ ಸಮಿತಿ ಬೇಕು.

ನಮ್ಮಲ್ಲಿ ಹಿರಿಯ ಹುದ್ದೆಯ ಹೆಂಗಸರೇ ಇಲ್ಲ, ಇರುವವರೆಲ್ಲ ಟೈಲರ್‌ಗಳು ಮತ್ತು ಸಹಾಯಕಿಯರು ಎಂಬುದು ಸಣ್ಣ ಘಟಕಗಳ ಸಾಮಾನ್ಯ ಅಳಲು. ಇದಕ್ಕೆ 4ನೇ ಕಲಂನಲ್ಲಿಯೇ ದಾರಿಯಿದೆ. ತಮ್ಮಲ್ಲಿ ಅಂಥವರಿಲ್ಲದಿದ್ದರೆ ಅದೇ ಮಾಲೀಕರ ಬೇರೆ ಘಟಕದಿಂದ, ಅಲ್ಲಿಯೂ ಇಲ್ಲದಿದ್ದರೆ ಬೇರೊಂದು ಸಂಸ್ಥೆಯಿಂದ ಹಿರಿಯ ಮಹಿಳೆಯೊಬ್ಬರನ್ನು ಅಧ್ಯಕ್ಷೆಯಾಗಿ ನೇಮಿಸಿಕೊಳ್ಳಬಹುದು. ಒಂದೇ ಕೈಗಾರಿಕಾ ವಸಾಹತಿನ ಘಟಕಗಳು ಈ ವಿಷಯದಲ್ಲಿ ಪರಸ್ಪರ ನೆರವಾಗಲು ಅವಕಾಶವಿದೆ. ಆದರೆ ವಸಾಹತಿಗೆಲ್ಲ ಸೇರಿ ಒಂದೇ ಸಮಿತಿ ಸಾಕೆಂದು ತಿಳಿಯಬಾರದು. ಸದಸ್ಯರು ಹೊರಗಿನಿಂದ ಬರಬಹುದು. ಸಮಿತಿ ರಚನೆಯ ಆದೇಶ ಮಾತ್ರ ಪ್ರತಿಯೊಬ್ಬ ಮಾಲೀಕರದೂ ಪ್ರತ್ಯೇಕವಾಗಿರಬೇಕು. ವಾಣಿಜ್ಯ ಸಂಸ್ಥೆಗಳು ಹೊರಗಿನ ಸದಸ್ಯರಾಗಲು ಒಪ್ಪುವ ಅರ್ಹರ ಒಂದು ಪಟ್ಟಿಯನ್ನು ಸಿದ್ಧಪಡಿಸಿಟ್ಟರೆ ತಮ್ಮ ಸದಸ್ಯರಿಗೆ ದೊಡ್ಡ ಉಪಕಾರವಾದೀತು.

ಕೆಲವೆಡೆ ಮಾಲೀಕರ ಪತ್ನಿಯವರನ್ನೇ ಅಧ್ಯಕ್ಷೆಯಾಗಿಸಿ, ಕಂಪನಿಯ ವಕೀಲರನ್ನೋ ಲೆಕ್ಕಪರಿಶೋಧಕರನ್ನೋ ಹೊರಗಿನ ಸದಸ್ಯರೆಂದು ತೋರಿಸುವ ಪರಿಪಾಠವಿದೆ. ಮಾಲೀಕರಿಂದ ಪ್ರತಿವರ್ಷ ಶುಲ್ಕ ಪಡೆಯುವವರು ಹೊರಗಿನವರಾದಾರು ಹೇಗೆ? ಲೆಕ್ಕಪರಿಶೋಧಕರು ತಾವಾಗಿಯೇ ಇಂಥ ಸ್ಥಾನವನ್ನು ನಿರಾಕರಿಸುವುದು ವೃತ್ತಿಗೆ ಗೌರವ. ಹೊರಗಿನ ಸದಸ್ಯರಿಗೆ ವಿಚಾರಣೆಯ ದಿನಕ್ಕೆ 200 ರೂಪಾಯಿ ಭತ್ಯೆ ಮತ್ತು ಪ್ರಯಾಣವೆಚ್ಚವನ್ನು 2013ರ ನಿಯಮಗಳು ಗೊತ್ತುಮಾಡಿವೆ. ಈ ಮೊತ್ತಕ್ಕೆ ಅರ್ಹರು ಸಿಗುವುದು ಕಷ್ಟ. ಹೆಚ್ಚು ಕೊಡಬೇಕಾಗಿ ಬಂದರೆ ಅದನ್ನು ರಸೀದಿಯೊಡನೆ ವ್ಯವಹಾರದ ವೆಚ್ಚವಾಗಿಯೇ ಬರೆಯಬಹುದು, ಮುಚ್ಚಿಡುವ ಅಗತ್ಯವಿಲ್ಲ.

ಕಿರುಕುಳ ಅಡಗಿರುವ ಜಾಗ

ಲೈಂಗಿಕ ಕಿರುಕುಳವೆಂದರೆ ಮೈಮುಟ್ಟುವುದಷ್ಟೇ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅಧಿನಿಯಮದ ಪ್ರಕಾರ ಲೈಂಗಿಕ ಅರ್ಥದ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಲೈಂಗಿಕ ಅನುಕೂಲ ಕೋರುವುದು, ಒಪ್ಪಿಗೆಯಿಲ್ಲದ ಆ ಬಗೆಯ ಯಾವುದೇ ನಡತೆ, ಸನ್ನೆ ಕೂಡ ಕಿರುಕುಳವೇ. ಸಣ್ಣ ಘಟಕಗಳ ಮಟ್ಟಿಗೆ 3ನೇ ಕಲಂ ಇನ್ನೂ ಮುಖ್ಯ. ಇಂಥ ನಡತೆಯೊಡನೆ ಕೆಲಸದಲ್ಲಿ ಅನುಕೂಲ ಮಾಡಿಕೊಡುವ ಸೂಚನೆ, ತೊಂದರೆ ಕೊಡುವ ಬೆದರಿಕೆ, ಕೆಲಸ ಉಳಿಯುವುದಿಲ್ಲವೆಂಬ ಹೆದರಿಕೆ ಸೇರಿಕೊಂಡರೆ ಅದೂ ಲೈಂಗಿಕ ಕಿರುಕುಳವಾಗುತ್ತದೆ ಎಂದು ಆ ಕಲಂ ಹೇಳುತ್ತದೆ.

ಇದು ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಒಂದು ಉಡುಪು ಜಾಬ್‌ವರ್ಕ್ ಘಟಕವನ್ನು ಕಲ್ಪಿಸಿಕೊಳ್ಳಬಹುದು. ಪೀಸ್ ರೇಟಿನ ಮೇಲೆ ಹೊಲಿಯುವ 14 ಮಂದಿ ಹೆಂಗಸರು, ಅವರ ಮೇಲೊಬ್ಬ ಸೂಪರ್‌ವೈಸರ್. ಯಾರಿಗೆ ಯಾವ ಬಂಡಲ್ ಕೊಡಬೇಕೆಂಬುದು ಅವನ ಇಚ್ಛೆ. ನೇರ ಹೊಲಿಗೆಯ ಬಂಡಲ್ ಸಿಕ್ಕವಳಿಗೆ ಸಂಜೆಯ ಹೊತ್ತಿಗೆ ಒಳ್ಳೆಯ ಗಳಿಕೆ. ಕಾಲರ್ ಕೂಡಿಸುವ ಕೆಲಸ ಸಿಕ್ಕವಳಿಗೆ ಕಡಿಮೆ. ಹೊಲಿದ ತುಂಡನ್ನು ಒಪ್ಪುವುದೂ ಹಿಂದಕ್ಕೆ ಎಸೆಯುವುದೂ ಅವನ ಕೈಯಲ್ಲೇ ಇದೆ. ಇಂಥವನು ಒಬ್ಬ ಹೆಣ್ಣುಮಗಳಿಗೆ ಸಂಜೆ ಎಲ್ಲರೂ ಹೋದ ಮೇಲೆ ನಿಲ್ಲು ಎಂದು ಹೇಳಿ, ಆಕೆ ನಿಲ್ಲದೆ ಹೋದರೆ, ಮರುದಿನದಿಂದ ಆಕೆಗೆ ಕಷ್ಟದ ಬಂಡಲ್‌ಗಳೇ ಬರುತ್ತವೆ. ತಿದ್ದುವುದಕ್ಕೆಂದು ವಾಪಸಾಗುವ ತುಂಡುಗಳು ಹೆಚ್ಚುತ್ತವೆ. ಒಂದು ಶನಿವಾರ ಬಟವಾಡೆ ಪಡೆದವಳು ಸೋಮವಾರ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ‘ಬಿಟ್ಟಳು’ ಎಂದು ಬರೆದುಕೊಂಡು ಮಾಲೀಕರು ಬೇರೆಯವರನ್ನು ಹುಡುಕುತ್ತಾರೆ. ದೂರಿಲ್ಲ, ಸಾಕ್ಷಿಯಿಲ್ಲ, ಗದ್ದಲವಿಲ್ಲ.

ಸಾಕ್ಷಿಯಿಲ್ಲವೆಂಬುದು ಮೇಲುನೋಟದ ಮಾತು. ಬಂಡಲ್ ವಿತರಣೆಯ ಪುಸ್ತಕ, ವಾಪಸಾದ ತುಂಡುಗಳ ದಾಖಲೆ, ಬಟವಾಡೆ ರಿಜಿಸ್ಟರ್ ಈ ಮೂರನ್ನೂ ಎದುರು ಬದುರು ಇಟ್ಟು ನೋಡಿದರೆ ಒಬ್ಬಳ ಗಳಿಕೆ ಯಾವ ದಿನದಿಂದ ಕುಸಿಯಿತೆಂಬುದು ಕಾಣಿಸುತ್ತದೆ. ಒಂದೇ ಸೂಪರ್‌ವೈಸರನ ಕೆಳಗಿನ ಹೆಂಗಸರು ವರ್ಷದಲ್ಲಿ ಮತ್ತೆ ಮತ್ತೆ ತಿಂಗಳ ನಡುವೆ, ಬಾಕಿ ಕೂಲಿಯನ್ನೂ ಕೇಳದೆ ಬಿಟ್ಟುಹೋಗಿದ್ದರೆ ಅದಕ್ಕೊಂದು ಕಾರಣವಿರಬೇಕು. ಕೂಲಿಯ ಬಾಕಿ ಬಿಟ್ಟು ಹೋಗುವಷ್ಟು ಅನುಕೂಲಸ್ಥರು ಇಂಥ ಕೆಲಸಕ್ಕೆ ಬರುವುದಿಲ್ಲ. ಸರಕಿನ ದಾಸ್ತಾನಿನಲ್ಲಿ ನಾಲ್ಕು ಥಾನು ಕಡಿಮೆ ಬಂದರೆ ಗೋದಾಮಿನವರನ್ನು ಕರೆದು ವಿಚಾರಿಸುವ ಮಾಲೀಕರು, ನಾಲ್ಕು ಮಂದಿ ಹೆಂಗಸರು ಹೀಗೆ ಕಾಣೆಯಾದಾಗಲೂ ವಿಚಾರಿಸುವುದು ಯುಕ್ತ. ಈ ದಾಖಲೆಗಳು ಆರೋಪವನ್ನು ಸಿದ್ಧಪಡಿಸಲಾರವು, ಆದರೆ ಎಲ್ಲಿ ಕೇಳಬೇಕೆಂಬುದನ್ನು ತೋರಿಸಬಲ್ಲವು. ದೂರು ಬಂದ ಮೇಲಂತೂ ಇವನ್ನು ಸಮಿತಿಗೆ ಒದಗಿಸುವುದು ಮಾಲೀಕರ ಕರ್ತವ್ಯವಾಗುತ್ತದೆ.

ಕಿರುಕುಳ ಕೊಡುವವನು ನಮ್ಮ ನೌಕರನೇ ಆಗಿರಬೇಕೆಂದೇನೂ ಇಲ್ಲ. ಮಾಲು ಪರೀಕ್ಷಿಸಲು ಬರುವ ಖರೀದಿದಾರರ ಪ್ರತಿನಿಧಿ, ಲಾರಿ ಚಾಲಕ, ವಸೂಲಿಗೆ ಬರುವವರು ಹೀಗೆ ಅಂಗಡಿ, ಕಾರ್ಖಾನೆಗಳಿಗೆ ದಿನವೂ ಹತ್ತಾರು ಮಂದಿ ಬಂದುಹೋಗುತ್ತಾರೆ. 2025ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ಸರ್ಕಾರಿ ಇಲಾಖೆಗಳಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ, ಬೇರೊಂದು ಸಂಸ್ಥೆಯ ನೌಕರನ ವಿರುದ್ಧದ ದೂರನ್ನು ನೊಂದ ಮಹಿಳೆಯ ಸಂಸ್ಥೆಯಲ್ಲಿರುವ ಸಮಿತಿಯೇ ವಿಚಾರಿಸಬಹುದೆಂದು ತೀರ್ಪು ನೀಡಿತು. ದೊಡ್ಡ ಗಿರಾಕಿ ಕೈತಪ್ಪೀತೆಂಬ ಅಂಜಿಕೆಯಿಂದ ಇಂಥ ದೂರುಗಳನ್ನು ಅಲ್ಲಿಂದಲ್ಲಿಗೇ ಮುಗಿಸುವ ಪ್ರವೃತ್ತಿ ವ್ಯಾಪಾರದಲ್ಲಿ ಸಹಜವಾಗಿಯೇ ಇರುತ್ತದೆ. ಕಾನೂನು ಅದನ್ನು ಒಪ್ಪುವುದಿಲ್ಲ.

ದೂರು ಬಂದ ಮೇಲೆ: ದಿನಾಂಕಗಳ ಲೆಕ್ಕ

ಘಟನೆ ನಡೆದ ಮೂರು ತಿಂಗಳೊಳಗೆ, ಹಲವು ಘಟನೆಗಳಿದ್ದರೆ ಕೊನೆಯದರಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಅದನ್ನು ಬರೆದಿಟ್ಟು ಸಮಿತಿ ಇನ್ನು ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ಬರೆಯಲು ಬಾರದವರಿಗೆ ದೂರು ಬರೆದುಕೊಳ್ಳಲು ನೆರವಾಗುವುದು ಅಧ್ಯಕ್ಷೆಯ ಅಥವಾ ಸದಸ್ಯರ ಹೊಣೆ. ಅರ್ಜಿ ಸರಿಯಾಗಿಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ.

ಉದಾಹರಣೆಗೆ 2026ರ ಫೆಬ್ರವರಿ 2ರ ಸೋಮವಾರ ದೂರು ಬಂತೆಂದು ಇಟ್ಟುಕೊಳ್ಳಬಹುದು. ಭಾನುವಾರವೊಂದೇ ರಜೆಯಿರುವ ಘಟಕದಲ್ಲಿ ಏಳು ಕೆಲಸದ ದಿನಗಳೊಳಗೆ, ಅಂದರೆ ಫೆಬ್ರವರಿ 10ರೊಳಗೆ, ದೂರಿನ ಪ್ರತಿಯನ್ನು ಆರೋಪಕ್ಕೆ ಗುರಿಯಾದವನಿಗೆ ಕಳುಹಿಸಬೇಕು. ಅವನಿಗೆ ಅಂದೇ ತಲುಪಿದರೆ ಹತ್ತು ಕೆಲಸದ ದಿನಗಳಲ್ಲಿ, ಫೆಬ್ರವರಿ 21ರೊಳಗೆ, ಉತ್ತರ ಕೊಡಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದೂರು ಬಂದ ದಿನದಿಂದಲೇ ಎಣಿಸುವುದು ಕ್ಷೇಮ. ಹಾಗೆ ಎಣಿಸಿದರೆ ಅದು ಮೇ 3. ವಿಚಾರಣೆ ಮುಗಿದ ಹತ್ತು ದಿನಗಳಲ್ಲಿ, ಮೇ 13ರೊಳಗೆ, ವರದಿ ಮಾಲೀಕರ ಕೈಸೇರಬೇಕು. ವರದಿ ತಲುಪಿದ 60 ದಿನಗಳಲ್ಲಿ, ಜುಲೈ 12ರೊಳಗೆ, ಮಾಲೀಕರು ಶಿಫಾರಸನ್ನು ಜಾರಿಗೊಳಿಸಬೇಕು. ಒಪ್ಪಿಗೆಯಾಗದವರು 90 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು. ವಿಚಾರಣೆಗೆ ಅಧ್ಯಕ್ಷೆಯೂ ಸೇರಿ ಕನಿಷ್ಠ ಮೂವರು ಹಾಜರಿರಬೇಕು. ಎರಡೂ ಕಡೆಯವರು ವಕೀಲರನ್ನು ತರುವಂತಿಲ್ಲ.

ವಿಚಾರಣೆ ನಡೆಯುತ್ತಿರುವಾಗ ಆಕೆ ಲಿಖಿತವಾಗಿ ಕೋರಿದರೆ, ಸಮಿತಿಯ ಶಿಫಾರಸಿನಂತೆ ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ವರ್ಗಾಯಿಸಬಹುದು. ಆಕೆಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ಈ ರಜೆಯನ್ನು ಆಕೆಗೆ ಸಲ್ಲಬೇಕಾದ ಬೇರೆ ರಜೆಯಿಂದ ಕಳೆಯುವಂತಿಲ್ಲ. ಆಕೆಯ ಕೆಲಸದ ಗುಣಮಟ್ಟವನ್ನು ಆರೋಪಿತನೇ ತೀರ್ಮಾನಿಸದಂತೆ ತಡೆಯಲೂ ಅವಕಾಶವಿದೆ. ಪೀಸ್ ರೇಟಿನ ಘಟಕದಲ್ಲಿ ಆಕೆಯನ್ನು ಬೇರೆ ಸಾಲಿಗೆ ಹಾಕಿದರೆ ಆಕೆಯ ಗಳಿಕೆಯೇ ಇಳಿಯಬಹುದು. ಆದ್ದರಿಂದ ಸೂಪರ್‌ವೈಸರನನ್ನು ಬದಲಾಯಿಸುವುದೇ ಹೆಚ್ಚು ನ್ಯಾಯ.

ನಮ್ಮ ಊರುಗಳಲ್ಲಿ ಇಂಥ ಸಂಗತಿಗಳು ಪಂಚಾಯಿತಿಯಲ್ಲಿ ತೀರ್ಮಾನವಾಗುವುದು ವಾಡಿಕೆ. ಹಿರಿಯರು ಕೂತು, ಅವನಿಂದ ತಪ್ಪಾಯಿತೆನ್ನಿಸಿ, ಆಕೆಯ ಕೈಗೊಂದು ಲಕೋಟೆ ಕೊಟ್ಟು ಕಳುಹಿಸುತ್ತಾರೆ. ಅಧಿನಿಯಮದ 10ನೇ ಕಲಂ ರಾಜಿಯನ್ನು ಪೂರ್ತಿಯಾಗಿ ನಿಷೇಧಿಸಿಲ್ಲ. ಆದರೆ ವಿಚಾರಣೆ ಆರಂಭವಾಗುವ ಮುನ್ನ ಆಕೆಯೇ ರಾಜಿಯನ್ನು ಬಯಸಬೇಕು, ಹಣ ಅದರ ಆಧಾರವಾಗಿರಕೂಡದು, ಒಪ್ಪಂದವನ್ನು ಬರಹಕ್ಕಿಳಿಸಿ ಇಬ್ಬರಿಗೂ ಪ್ರತಿ ಕೊಡಬೇಕು. ಲಕೋಟೆಯ ರಾಜಿ ಈ ಮೂರರಲ್ಲಿ ಒಂದನ್ನೂ ಪಾಲಿಸುವುದಿಲ್ಲ.

ಆರೋಪ ಸಾಬೀತಾದಾಗ ಸಮಿತಿ ಪರಿಹಾರವನ್ನು ಸೂಚಿಸಬಹುದು. ಆಕೆಯ ಮಾನಸಿಕ ಯಾತನೆ, ಕೈತಪ್ಪಿದ ಅವಕಾಶ, ವೈದ್ಯಕೀಯ ವೆಚ್ಚ, ತಪ್ಪಿತಸ್ಥನ ಆದಾಯ ಇವನ್ನೆಲ್ಲ ಪರಿಗಣಿಸಿ ಮೊತ್ತ ಗೊತ್ತುಮಾಡಬೇಕು. ಇದು ತಪ್ಪಿತಸ್ಥನ ವೇತನದಿಂದ ಮುರಿದುಕೊಳ್ಳತಕ್ಕ ಹಣ. ಸಂಸ್ಥೆಯ ಲಾಭನಷ್ಟದ ಪಟ್ಟಿಗೆ ಬರತಕ್ಕದ್ದಲ್ಲ. ಅವನು ಕೆಲಸ ಬಿಟ್ಟುಹೋಗಿ ಹಣ ಕೊಡದಿದ್ದರೆ, ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾ ಅಧಿಕಾರಿಗೆ ಆದೇಶವನ್ನು ಕಳುಹಿಸಬಹುದು. ಆಕೆ ಪೊಲೀಸರಿಗೆ ದೂರು ಕೊಡಲು ಬಯಸಿದರೆ ಅದಕ್ಕೂ ಮಾಲೀಕರು ನೆರವಾಗಬೇಕು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಲೈಂಗಿಕ ಕಿರುಕುಳದ ಅಪರಾಧ ಅದರ 75ನೇ ಕಲಂನಲ್ಲಿದೆ. ಗೋಡೆಯ ಮೇಲಿನ ಹಳೆಯ ಫಲಕಗಳಲ್ಲಿ 354ಎ ಎಂದೇ ಇದ್ದರೆ ತಿದ್ದಿಸಬೇಕು.

ಗುಟ್ಟು ಕಾಯುವುದು ಸಣ್ಣ ಘಟಕಗಳಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ದೂರಿನ ಒಕ್ಕಣೆ, ಇಬ್ಬರ ಹೆಸರು, ಸಾಕ್ಷಿಗಳ ಹೆಸರು ಯಾವುದೂ ಹೊರಬೀಳಬಾರದು. ಬಾಯಿಬಿಟ್ಟವರಿಂದ 5,000 ರೂಪಾಯಿ ದಂಡ ವಸೂಲು ಮಾಡಬೇಕೆಂದು ನಿಯಮವಿದೆ. ಕಡತವನ್ನು ವೋಚರುಗಳ ಕಪಾಟಿನಲ್ಲಿಟ್ಟರೆ ಮಧ್ಯಾಹ್ನದ ಚಹಾದ ಹೊತ್ತಿಗೆ ಇಡೀ ವಸಾಹತಿಗೆ ಸುದ್ದಿ ಗೊತ್ತಾಗಿರುತ್ತದೆ. ಅದು ಅಧ್ಯಕ್ಷೆಯ ಬೀಗದಲ್ಲಿರಬೇಕು.

ಸುಳ್ಳು ದೂರಿನ ಅಂಜಿಕೆ

ಉದ್ದಿಮೆದಾರರ ಸಭೆಗಳಲ್ಲಿ ಈ ವಿಷಯ ಬಂದಾಗ ಮೊದಲು ಏಳುವ ಪ್ರಶ್ನೆ ಸುಳ್ಳು ದೂರಿನದು. ದುರುದ್ದೇಶದಿಂದ, ಸುಳ್ಳೆಂದು ತಿಳಿದೂ ದೂರು ಕೊಟ್ಟವರ ಮೇಲೆ ಕ್ರಮ ಕೈಗೊಳ್ಳಲು 14ನೇ ಕಲಂ ಅವಕಾಶ ಕೊಟ್ಟಿದೆ. ಆದರೆ ದುರುದ್ದೇಶವನ್ನು ವಿಚಾರಣೆಯಿಂದಲೇ ಸಾಬೀತುಪಡಿಸಬೇಕು. ಸಾಕ್ಷ್ಯ ಸಾಲದೆ ದೂರು ಬಿದ್ದುಹೋದರೆ ಅದನ್ನು ಸುಳ್ಳು ದೂರೆನ್ನುವಂತಿಲ್ಲ. ದಿನಗೂಲಿಯ ಹೆಣ್ಣುಮಗಳೊಬ್ಬಳು ತನ್ನ ಕೆಲಸವನ್ನೂ ಊರಿನಲ್ಲಿ ತನ್ನ ಹೆಸರನ್ನೂ ಪಣಕ್ಕಿಟ್ಟು ದೂರು ಕೊಡಬೇಕಾಗುತ್ತದೆಂಬುದನ್ನು ನೆನೆದರೆ, ಬರುವ ಸುಳ್ಳು ದೂರುಗಳಿಗಿಂತ ಬಾರದೇ ಉಳಿಯುವ ನಿಜವಾದ ದೂರುಗಳ ಬಗ್ಗೆ ಹೆಚ್ಚು ಚಿಂತಿಸಬೇಕಾಗಿದೆ.

ವಾರ್ಷಿಕ ವರದಿ, ದಂಡ ಮತ್ತು ಕೆಲವು ಸೂಚನೆಗಳು

ಸಮಿತಿ ಪ್ರತಿವರ್ಷ ಮಾಲೀಕರಿಗೂ ಜಿಲ್ಲಾ ಅಧಿಕಾರಿಗೂ ವರದಿ ಸಲ್ಲಿಸಬೇಕು. ಇಲ್ಲಿ ವರ್ಷವೆಂದರೆ ಜನವರಿಯಿಂದ ಡಿಸೆಂಬರ್. ಮಾರ್ಚ್ 31ಕ್ಕೆ ಒಗ್ಗಿಹೋದ ವರ್ತಕರು ಇದನ್ನು ಮರೆಯುವುದುಂಟು. ಅಧಿನಿಯಮದಲ್ಲಿ ಕೊನೆಯ ದಿನಾಂಕವನ್ನು ಹೇಳಿಲ್ಲವಾದರೂ ಜನವರಿ ತಿಂಗಳೊಳಗೆ ಸಲ್ಲಿಸುವುದು ರೂಢಿಯಾಗಿದೆ. ಬಂದ ದೂರುಗಳು, ವಿಲೇವಾರಿಯಾದವು, 90 ದಿನ ಮೀರಿ ಬಾಕಿಯಿರುವವು, ನಡೆಸಿದ ತಿಳಿವಳಿಕೆ ಕಾರ್ಯಕ್ರಮಗಳು, ಕೈಗೊಂಡ ಕ್ರಮ ಈ ಐದು ವಿವರಗಳಿರಬೇಕು. ದೂರುಗಳ ಎದುರು ಸೊನ್ನೆ ಬರೆಯುವುದರಲ್ಲಿ ತಪ್ಪಿಲ್ಲ. ಕಾರ್ಯಕ್ರಮಗಳ ಎದುರೂ ಸೊನ್ನೆಯಿದ್ದರೆ ಮೊದಲ ಸೊನ್ನೆಯನ್ನು ನಂಬುವುದು ಕಷ್ಟವಾಗುತ್ತದೆ. ಕಂಪನಿಗಳು ನಿರ್ದೇಶಕ ಮಂಡಳಿಯ ವರದಿಯಲ್ಲಿ ದೂರುಗಳ ಸಂಖ್ಯೆಯನ್ನೂ, ವಿಲೇವಾರಿಯನ್ನೂ, ಬಾಕಿಯನ್ನೂ ತೋರಿಸಬೇಕೆಂಬ ತಿದ್ದುಪಡಿ 2025ರ ಜುಲೈ 14ರಿಂದ ಜಾರಿಯಲ್ಲಿದೆ. ಏಕವ್ಯಕ್ತಿ ಕಂಪನಿ ಮತ್ತು ಸಣ್ಣ ಕಂಪನಿಗಳಿಗೆ ಆ ನಿಯಮ ಅನ್ವಯಿಸದಿದ್ದರೂ ಜಿಲ್ಲಾ ಅಧಿಕಾರಿಗೆ ಲೆಕ್ಕ ಕೊಡುವುದು ತಪ್ಪುವುದಿಲ್ಲ.

ಸಮಿತಿ ರಚಿಸದಿದ್ದರೆ ಅಥವಾ ಅಧಿನಿಯಮದ ಬೇರೆ ವಿಧಿಗಳನ್ನು ಮೀರಿದರೆ 50,000 ರೂಪಾಯಿಗಳವರೆಗೆ ದಂಡವಿದೆ. ಎರಡನೆಯ ಬಾರಿ ಅದೇ ತಪ್ಪಾದರೆ ದಂಡ ಇಮ್ಮಡಿಯಾಗುತ್ತದೆ, ಪರವಾನಗಿ ಅಥವಾ ನೋಂದಣಿಯನ್ನೇ ರದ್ದುಪಡಿಸಲೂಬಹುದು. ದಂಡದ ಮೊತ್ತವನ್ನು ವ್ಯಾಪಾರದ ಖರ್ಚೆಂದು ಆದಾಯದಿಂದ ಕಳೆಯಲು ತೆರಿಗೆ ಕಾನೂನು ಒಪ್ಪುವುದಿಲ್ಲವೆಂಬುದೂ ನೆನಪಿರಲಿ.

ಹತ್ತಕ್ಕಿಂತ ಕಡಿಮೆ ಮಂದಿ ಇರುವ ಅಂಗಡಿಯವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಲೈಂಗಿಕ ಕಿರುಕುಳ ಶಿಕ್ಷಾರ್ಹವೆಂದು ತಿಳಿಸುವ ಫಲಕವನ್ನು ಕನ್ನಡದಲ್ಲಿ, ಹೊರರಾಜ್ಯದ ಕೆಲಸಗಾರರಿದ್ದರೆ ಅವರ ಭಾಷೆಯಲ್ಲಿಯೂ, ಎಲ್ಲರಿಗೂ ಕಾಣುವಂತೆ ಹಾಕಬೇಕು. ಮಾಲೀಕರ ಕೋಣೆಯ ಗೋಡೆ ಅದಕ್ಕೆ ತಕ್ಕ ಜಾಗವಲ್ಲ. ಹೆಂಗಸರು ಊಟಕ್ಕೆ ಕೂರುವ ಜಾಗ, ನೀರಿನ ನಲ್ಲಿಯ ಬಳಿ ಉತ್ತಮ. ಸ್ಥಳೀಯ ಸಮಿತಿಯ ವಿಳಾಸವನ್ನೂ ದೂರವಾಣಿಯನ್ನೂ ಜಿಲ್ಲಾಧಿಕಾರಿಗಳ ಕಚೇರಿಯಿಂದ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಿಂದ ವಿಚಾರಿಸಿ ಅದರ ಮೇಲೆ ಬರೆಸಬೇಕು. ಕೇಂದ್ರ ಸರ್ಕಾರದ ‘ಶೀ-ಬಾಕ್ಸ್’ ಎಂಬ ಅಂತರ್ಜಾಲ ವ್ಯವಸ್ಥೆಯ ಹೊಸ ರೂಪ 2024ರ ಆಗಸ್ಟ್‌ನಲ್ಲಿ ಆರಂಭವಾಗಿದ್ದು, ಅಲ್ಲಿಯೂ ದೂರು ದಾಖಲಿಸಬಹುದೆಂದು ಫಲಕದಲ್ಲಿ ತಿಳಿಸಬಹುದು.

ಈಗಾಗಲೇ ಸಮಿತಿ ರಚಿಸಿರುವವರು ಕಡತ ತೆರೆದು ಆದೇಶದ ದಿನಾಂಕವನ್ನೊಮ್ಮೆ ನೋಡುವುದು ಒಳ್ಳೆಯದು. ಅಧ್ಯಕ್ಷೆಯ ಮತ್ತು ಸದಸ್ಯರ ಅವಧಿ ಮೂರು ವರ್ಷ ಮೀರುವಂತಿಲ್ಲ. 2022ರಲ್ಲಿ ರಚಿಸಿದ ಸಮಿತಿಯ ಅವಧಿ 2025ಕ್ಕೇ ಮುಗಿದಿದೆ. ಹೊಸ ಆದೇಶವಾಗದಿದ್ದರೆ ನಾಳೆ ಬರುವ ದೂರನ್ನು ಸ್ವೀಕರಿಸಲು ಅಲ್ಲಿ ಕ್ರಮಬದ್ಧ ಸಮಿತಿಯೇ ಇರುವುದಿಲ್ಲ.